ಮೂರನೇ ಬಾಗಿಲ ಊಟ

ನಮ್ಮ ಕೋಣೆಯನ್ನು ಕಿತ್ತುಕೊಂಡದ್ದು, ಜನರೇ ದೊಡ್ಡವರು ಎಂದು ಬರೆದಿರುವ ಪುಸ್ತಕಗಳನ್ನು ಇಡುವುದಕ್ಕೆ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮಾಸಾನ್ ಬಂದರಿನ ಮೇಲಿನ ಗುಡ್ಡದಲ್ಲಿ ಒಂದು ಖಾಸಗಿ ವಿಶ್ವವಿದ್ಯಾಲಯವಿದೆ. ಅಲ್ಲಿ ನಾನು ನೆಲ ಒರೆಸುವವಳು. ಹೆಸರು ಕುತ್ಸುನ್. ಕುತ್ ಎಂದರೆ ಕೊನೆ. ಮೇಲಿಂದ ಮೇಲೆ ಹೆಣ್ಣೇ ಹುಟ್ಟಿದ್ದಕ್ಕೆ ಇಲ್ಲಿಗೆ ಸಾಕು ಎಂದು ಅಪ್ಪ ಇಟ್ಟ ಹೆಸರು. ನನ್ನ ಬೆನ್ನಿಗೆ ಮತ್ತೆರಡು ಹೆಣ್ಣು ಹುಟ್ಟಿದವು. ಗಂಡಸರು ಹೊರಡಿಸುವ ಆಜ್ಞೆಗಳ ಬಗ್ಗೆ ನನಗೆ ಅಂದಿನಿಂದಲೇ ಅಷ್ಟಾಗಿ ಭಯವಿಲ್ಲ.

ಎರಡನೇ ಮಹಡಿಯ ಮೂಲೆಯಲ್ಲಿ ನಮ್ಮದೊಂದು ಕೋಣೆ ಇತ್ತು. ನಮ್ಮದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ಬಳಸಿಕೊಂಡು ಬಂದಿದ್ದೆವು. ಹಿಂದೆ ಕಾವಲುಗಾರರು ಮಲಗುತ್ತಿದ್ದ ಕೋಣೆಯಾದ್ದರಿಂದ ನೆಲದಡಿ ಬಿಸಿನೀರಿನ ಕೊಳವೆ ಓಡುತ್ತಿತ್ತು. ಇಡೀ ಕಟ್ಟಡದಲ್ಲಿ ಕಾಲಿಗೆ ಬೆಚ್ಚಗಾಗುವ ನೆಲ ಅದೊಂದೇ. ಶೂಗಳನ್ನು ಹೊಸ್ತಿಲ ಹೊರಗೆ ಬಿಟ್ಟು, ಒಳಗೆ ಕಾಲು ಚಾಚಿ ಕೂತು, ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆವು. ಉಂಡ ಮೇಲೆ ಪಿಲ್ರೆ ಅಕ್ಕ ನೆಲಕ್ಕೆ ಬೆನ್ನು ಕೊಟ್ಟು ಮಲಗುತ್ತಿದ್ದಳು. ನಮ್ಮಲ್ಲಿ ಹಿರಿಯಳು ಅವಳು. ಸೊಂಟದ ಎಲುಬು ಸವೆದಿದೆ. ಬೆಳಕು ಹರಿಯುವ ಮುಂಚೆ ಮೊದಲ ಬಸ್ಸಿಗೆ ಬಂದು, ಎಲ್ಲ ಮಹಡಿಗಳ ಕಸದ ಚೀಲ ಎಳೆದು, ಹುಡುಗರು ಕುಡಿದು ಮೆಟ್ಟಿಲ ಮೇಲೆ ಕಕ್ಕಿದ್ದನ್ನು ಬಳಿದು, ಬೆಂಚಿನಡಿ ಅಂಟಿಸಿದ ಚೂಯಿಂಗ್ ಗಮ್ಮನ್ನು ಬ್ಲೇಡಿನಲ್ಲಿ ಕೆರೆದು, ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೆ ಬಗ್ಗಿಹೋಗಿರುತ್ತಿದ್ದಳು. ಬಿಸಿ ನೆಲದ ಮೇಲೆ ಸ್ವಲ್ಪ ಹೊತ್ತು ಮಲಗಿದರೆ ಮತ್ತೆ ನೆಟ್ಟಗಾಗಿ ಸಂಜೆಯವರೆಗೆ ಎಳೆಯುತ್ತಿದ್ದಳು. ಮಲಗದಿದ್ದರೆ ಆಗುತ್ತಿರಲಿಲ್ಲ, ಕೆಲಸ ಬಿಡಬೇಕಾಗುತ್ತಿತ್ತು. ಕೆಲಸ ಬಿಟ್ಟರೆ ಅವಳಿಗೆ ಅನ್ನವಿಲ್ಲ. ಅದಕ್ಕೇ ಆ ಕೋಣೆಯ ಮೇಲೆ ನಮಗೆ ಅಷ್ಟು ಪ್ರಾಣ.

ಒಂದು ದಿನ ಮಾ ಮೇಸ್ತ್ರಿ ಬಂದು ಹೊಸ್ತಿಲಲ್ಲಿ ನಿಂತ. ನಮ್ಮನ್ನು ಕೆಲಸಕ್ಕೆ ಕಳಿಸುವ ಗುತ್ತಿಗೆ ಕಂಪನಿಯವನು ಅವನು. ಬಡಪಾಯಿ. ಕೆಟ್ಟ ಸುದ್ದಿ ತರುವಾಗಲೆಲ್ಲ ಜೊತೆಗೆ ಸಕ್ಕರೆ ಕಾಫಿ ತರುತ್ತಾನೆ. ಅಂದು ಅವನ ಕೈಯಲ್ಲಿ ಮೂರು ಕಾಗದದ ಲೋಟಗಳಿದ್ದವು.

"ಯಾರ ಕೆಲಸ ಹೋಯ್ತು ಹೇಳು," ಎಂದಳು ಕುಮ್‌ಹ್ವಾ. ನಮ್ಮಲ್ಲಿ ಚಿಕ್ಕವಳು. ಉತ್ತರದ ಗಡಿಯಾಚೆ ಚೀನಾದಲ್ಲಿ ಹುಟ್ಟಿ ಬೆಳೆದ ನಮ್ಮದೇ ಜನ. ಹತ್ತು ವರ್ಷದಿಂದ ಇಲ್ಲಿದ್ದರೂ ಅವಳ ಮಾತಿನ ಧಾಟಿ ಕೇಳಿ ಅಂಗಡಿಯವರು ಏನೋ ಕದ್ದಿರಬೇಕೆಂದು ಕೈಚೀಲ ನೋಡುತ್ತಾರೆ.

"ಯಾರದ್ದೂ ಹೋಗಿಲ್ಲ. ಕೋಣೆ ಹೋಯ್ತು," ಎಂದ ಮಾ.

ಸಂಸ್ಥೆಯ ಅಧ್ಯಕ್ಷರ ಮನೆತನದಲ್ಲಿ ಹಳೆಯ ಗ್ರಂಥಗಳಿವೆಯಂತೆ. ರಾಜ್ಯ ಆಳುವುದು ಹೇಗೆ, ಪ್ರಜೆಗಳನ್ನು ನೋಡಿಕೊಳ್ಳುವುದು ಹೇಗೆ ಎಂದು ಪುರಾತನರು ಬರೆದವು. ಅವನ್ನು ವಿಶ್ವವಿದ್ಯಾಲಯಕ್ಕೆ ದಾನ ಮಾಡುತ್ತಾರೆ. ಅವಕ್ಕೆ ಒಂದು ವಾಚನಾಲಯ ಆಗಬೇಕು. ಹಳೆಯ ಕಾಲದ ಪಂಡಿತರು ನೆಲದ ಮೇಲೆ ಕೂತು ಓದುತ್ತಿದ್ದಂತೆಯೇ ಇರಬೇಕು.

"ಇದೇ ಕೋಣೆ ಯಾಕಪ್ಪ?" ಎಂದೆ.

"ನೆಲ ಬೆಚ್ಚಗಿದೆಯಲ್ಲ. ತೇವ ಇಲ್ಲ. ಹಳೇ ಕಾಗದಕ್ಕೆ ಥಂಡಿ ಆಗಿಬರಲ್ವಂತೆ."

"ಹಳೇ ಹೆಂಗಸರಿಗೆ ಆಗಿಬರುತ್ತಾ?" ಎಂದಳು ಪಿಲ್ರೆ ಅಕ್ಕ.

ಮಾ ಅವಳ ಕೈಗೊಂದು ಕಾಫಿ ಲೋಟ ಕೊಟ್ಟ.

"ನಾವು ಎಲ್ಲಿ ಉಣ್ಣೋದು?" ಎಂದೆ.

"ಏನೋ ಒಂದು ವ್ಯವಸ್ಥೆ ಮಾಡ್ತೀವಿ ಅಂದಿದಾರೆ ಟಾಕ್ ಸಾಹೇಬ್ರು."

ವ್ಯವಸ್ಥೆ ಎಂಬ ಮಾತು ಕಿವಿಗೆ ಬಿದ್ದರೆ ನಾನು ಗಂಟು ಮೂಟೆ ಕಟ್ಟಲು ಶುರು ಮಾಡುತ್ತೇನೆ. ಆದರೂ ಆಡಳಿತಾಧಿಕಾರಿ ಟಾಕ್ ಹತ್ತಿರ ಹೋದೆ. ಅವನ ಕೋಣೆಯನ್ನು ಒರೆಸುವವಳೇ ನಾನು, ದಾರಿ ಕೇಳಬೇಕಾಗಿರಲಿಲ್ಲ. ಟಾಕ್ ಬಹಳ ಮರ್ಯಾದಸ್ಥ. ಕಸದವಳೇ ಎಂದು ಕರೆಯಬಾರದು, ಶ್ರೀಮತಿಯವರೇ ಎಂದು ಕರೆಯಬೇಕು ಎಂದು ಆಜ್ಞೆ ಮಾಡಿದವನೇ ಅವನು. ಅಂದಿನಿಂದ ಹುಡುಗರು, "ಶ್ರೀಮತಿಯವರೇ, ಕಕ್ಕಸು ಕಟ್ಟಿಕೊಂಡಿದೆ," ಎನ್ನುತ್ತಾರೆ.

"ಶ್ರೀಮತಿಯವರೇ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ," ಎಂದ ಟಾಕ್. "ಆದರೆ ನೀವು ನಮ್ಮವರಲ್ಲ. ಕಂಪನಿಯವರು. ಅವರನ್ನ ಕೇಳಿ."

ಕಂಪನಿಯನ್ನು ಕೇಳಿದರೆ, "ಕಟ್ಟಡ ನಮ್ಮದಲ್ಲ, ಅವರನ್ನ ಕೇಳಿ," ಎಂದರು. ಹೀಗೆ ನಾವು ಯಾರಿಗೂ ಸೇರದವರಾದೆವು. ಕಸ ಮಾತ್ರ ಎಲ್ಲರದ್ದೂ ನಮಗೇ ಸೇರಿದ್ದು.

ವ್ಯವಸ್ಥೆ ಆಯಿತು. ಕೆಳಗಿನ ಹೆಂಗಸರ ಶೌಚಾಲಯದಲ್ಲಿ ಮೂರನೇ ಬಾಗಿಲ ಹಿಂದಿನ ಕಕ್ಕಸು ಕೆಟ್ಟುಹೋಗಿತ್ತು. ನೀರಿಲ್ಲ, ಪೊರಕೆ ಬಕೆಟು ಇಡುತ್ತಿದ್ದರು. ನಾವು ಅಲ್ಲಿ ಉಂಡೆವು. ಅಕ್ಕ ಮುಚ್ಚಳ ಹಾಕಿ ಅದರ ಮೇಲೆ ಕೂರುವುದು, ನಾನು ಮಗುಚಿದ ಬಕೆಟಿನ ಮೇಲೆ, ಕುಮ್‌ಹ್ವಾ ಬಾಗಿಲಿಗೆ ಒರಗಿ ನಿಂತು. ಅನ್ನದ ಡಬ್ಬಿ ನನ್ನ ಮೊಣಕಾಲ ಮೇಲೆ, ಪಲ್ಯದ ಡಬ್ಬಿ ಅಕ್ಕನ ತೊಡೆಯ ಮೇಲೆ. ಪಕ್ಕದ ಬಾಗಿಲಿಗೆ ಯಾರಾದರೂ ಬಂದರೆ ಅಗಿಯುವುದನ್ನು ನಿಲ್ಲಿಸಬೇಕು. ಅವರ ಕೆಲಸ ಮುಗಿದು, ನೀರು ಬಿಟ್ಟು, ಕೈ ತೊಳೆದು, ಕನ್ನಡಿ ಮುಂದೆ ತುಟಿಗೆ ಬಣ್ಣ ಹಚ್ಚಿಕೊಂಡು ಹೋಗುವವರೆಗೆ ತುತ್ತು ಬಾಯಲ್ಲೇ. ಉಳಿದ ಸದ್ದುಗಳ ಬಗ್ಗೆ ಏನು ಹೇಳಲಿ. ತುತ್ತು ಹಿಡಿದುಕೊಂಡು ನಗು ತಡೆಯುವುದು ಎಷ್ಟು ಕಷ್ಟವೆಂದು ಉಂಡವರಿಗೇ ಗೊತ್ತು. ಒಮ್ಮೆ ಕುಮ್‌ಹ್ವಾಳ ಮೂಗಿನಿಂದ ಅನ್ನ ಬಂತು.

ಖಾರ ಹಚ್ಚಿ ಹುಳಿ ಬರಿಸಿದ ಮೂಲಂಗಿ ಕಿಮ್ಚಿಯನ್ನು ಬಿಟ್ಟೆವು. ಅದನ್ನು ಸದ್ದಿಲ್ಲದೆ ಅಗಿಯಲು ಬರುವುದಿಲ್ಲ, ಕರಕರ ಎನ್ನುತ್ತದೆ. ಮೆತ್ತಗಿನ ತೋಫು, ಬೆಂದ ಸೊಪ್ಪು, ಇಷ್ಟೇ. ಹಲ್ಲು ಗಟ್ಟಿಯಿದ್ದೂ ಬೊಚ್ಚುಬಾಯಿಯವರ ಊಟ ಮಾಡಿದೆವು. ಆದರೂ ಯಾರೋ ದೂರು ಕೊಟ್ಟರು. ಹೆಂಗಸರ ಶೌಚಾಲಯದಲ್ಲಿ ಕೆಟ್ಟ ವಾಸನೆ ಬರುತ್ತಿದೆಯಂತೆ, ಬೆಳ್ಳುಳ್ಳಿ ವಾಸನೆ. ಕಕ್ಕಸಿನಲ್ಲಿ ಕಕ್ಕಸಿನ ವಾಸನೆ ಬಂದರೆ ಯಾರಿಗೂ ಬೇಸರವಿರಲಿಲ್ಲ, ಅನ್ನದ ವಾಸನೆ ಬಂದದ್ದು ಅಪರಾಧವಾಯಿತು.

ಅಕ್ಕನಿಗೆ ಮಲಗಲು ಜಾಗವಿರಲಿಲ್ಲ. ದಿನದಿನಕ್ಕೆ ಬಗ್ಗತೊಡಗಿದಳು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಪಕ್ಕಕ್ಕೆ ಇಳಿಯುತ್ತಿದ್ದಳು. ನಾನೂ ಕುಮ್‌ಹ್ವಾಳೂ ಅವಳ ಪಾಲಿನ ಮೇಲಿನ ಮಹಡಿಯನ್ನು ಹಂಚಿಕೊಂಡೆವು. ಮಾ ಮೇಸ್ತ್ರಿ ನೋಡಿಯೂ ನೋಡದಂತಿದ್ದ. ಮುಂದಿನ ಗುತ್ತಿಗೆಗೆ ಅವಳ ಹೆಸರು ಇರುವುದಿಲ್ಲ ಎಂದು ಅವನ ಮುಖದಲ್ಲಿ ಕಾಣುತ್ತಿತ್ತು. ಬ್ಲೇಡು ಹಿಡಿದು ಚೂಯಿಂಗ್ ಗಮ್ ಕೆರೆಯುವಾಗ ಅದು ಟಾಕನ ಮುಖ ಎಂದುಕೊಂಡು ಕೆರೆಯುತ್ತಿದ್ದೆ. ಕೆಲಸ ಚೆನ್ನಾಗಿ ಆಗುತ್ತಿತ್ತು.

ವಾಚನಾಲಯದ ಉದ್ಘಾಟನೆಯ ದಿನ ಬಂತು. ಕೆಳಗಿನ ಸಭಾಂಗಣದಲ್ಲಿ ಉಪನ್ಯಾಸ, ಆಮೇಲೆ ಅಧ್ಯಕ್ಷರು ಮೇಲೆ ಹೋಗಿ ಕೆಂಪು ಟೇಪು ಕತ್ತರಿಸುವುದು, ಆಮೇಲೆ ಊಟ. ಅತಿಥಿಗಳು ಬಹಳ ಬರುತ್ತಾರೆಂದು ಟಾಕ್ ಮೂರನೇ ಬಾಗಿಲನ್ನೂ ರಿಪೇರಿ ಮಾಡಿಸಿಬಿಟ್ಟಿದ್ದ. ನಮ್ಮ ಬಕೆಟುಗಳು ಮೆಟ್ಟಿಲ ಕೆಳಗೆ ಬಂದಿದ್ದವು. ಡಬ್ಬಿಗಳ ಚೀಲವೂ ಅಲ್ಲೇ ಇತ್ತು.

ಆದರೆ ಅತಿಥಿಗಳು ಬಂದದ್ದು ಕಡಿಮೆ. ಹುಡುಗರಿಗೆ ರಾಜನೀತಿ ಬೇಕಿರಲಿಲ್ಲ, ಊಟದ ಹೊತ್ತಿಗೆ ಬರುತ್ತೇವೆ ಎಂದಿದ್ದರು. ಹಿಂದಿನ ಸಾಲುಗಳು ಬೋಳಾಗಿ ಕಾಣುತ್ತಿದ್ದವು. ಪತ್ರಿಕೆಯ ಕ್ಯಾಮೆರಾ ಬಂದಿತ್ತು. ಮಾ ಓಡಿ ಬಂದ.

"ಕೆಲಸದ ಮೇಲಂಗಿ ಬಿಚ್ಚಿ, ಬೇಗ. ಕೈ ತೊಳಕೊಂಡು ಹೋಗಿ ಹಿಂದೆ ಕೂತ್ಕೊಳ್ಳಿ."

"ನಾವಾ?"

"ಕುರ್ಚಿ ತುಂಬಬೇಕು. ಮುಗಿದ ತಕ್ಷಣ ಎದ್ದು ಬಂದುಬಿಡಿ. ಬಾಯಿ ಬಿಡಬೇಡಿ."

ಕಸ ಹೊರುವ ನಮಗೆ ಆ ಕುರ್ಚಿ ಒರೆಸಿ ಗೊತ್ತು, ಕೂತು ಗೊತ್ತಿರಲಿಲ್ಲ. ಮೆತ್ತಗಿನ ಕುರ್ಚಿ. ಅಕ್ಕ ನಿಧಾನಕ್ಕೆ ಒರಗಿ ಕಣ್ಣು ಮುಚ್ಚಿದಳು.

ಉಪನ್ಯಾಸಕ್ಕೆ ಬಂದವರು ಪ್ಯೋ ಮೇಷ್ಟ್ರು. ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಮೇಷ್ಟ್ರು, ಸಣ್ಣಗಿನ ಮನುಷ್ಯ, ಕೋಟು ಯಾರದ್ದೋ ಇದ್ದಂತಿತ್ತು. ಹಳೆಯ ರಾಜನೀತಿ ಇಂದಿನ ಸಮಾಜಕ್ಕೆ ಏನು ಕಲಿಸುತ್ತದೆ ಎಂಬುದು ವಿಷಯ. ಮೊದಲು ಬಹಳ ಹೊತ್ತು ಅಧ್ಯಕ್ಷರ ತಾತ ಮುತ್ತಾತರನ್ನು ಹೊಗಳಿದರು. ಅದು ಕಲಿಯುವಂಥದ್ದೇನಲ್ಲ, ಮಾ ಮೇಸ್ತ್ರಿಗೂ ಬರುತ್ತದೆ. ಆಮೇಲೆ ಒಂದು ಗ್ರಂಥ ತೆಗೆದರು. ಬಹಳ ಹಿಂದೆ ಒಬ್ಬ ತಾಲ್ಲೂಕು ಅಧಿಕಾರಿ, ತನ್ನಂಥ ಅಧಿಕಾರಿಗಳಿಗೆಂದೇ ಬರೆದದ್ದಂತೆ. ಬರೆದ ಮೇಲೆ ಕೆಲಸ ಹೋಯಿತಂತೆ. ಪಾಪ, ಅವನದ್ದೂ ಗುತ್ತಿಗೆಯೇ ಇರಬೇಕು ಎಂದುಕೊಂಡೆ.

ಮೇಷ್ಟ್ರು ಓದಿದರು: "ಜನರನ್ನು ಕಂಡು ಊಟವಾಯಿತೇ ಎಂದು ಕೇಳುವ ಅಧಿಕಾರಿಯು ಉತ್ತರ ಬರುವವರೆಗೆ ನಿಲ್ಲತಕ್ಕದ್ದು. ನಿಲ್ಲಲು ಪುರುಸೊತ್ತಿಲ್ಲದವನು ಕೇಳತಕ್ಕದ್ದಲ್ಲ."

ಸಭೆ ನಕ್ಕಿತು. ಕುಮ್‌ಹ್ವಾ ನನ್ನ ಕಿವಿಯಲ್ಲಿ, "ಇಷ್ಟನ್ನೂ ಬರೆದು ಹೇಳ್ಬೇಕಿತ್ತಾ ಅವ್ರಿಗೆ?" ಎಂದಳು.

ನನಗೂ ಅದೇ ಹೊಳೆದದ್ದು. ಇಲ್ಲಿ ಉಗುಳಬೇಡಿ ಎಂಬ ಬೋರ್ಡನ್ನು ಯಾರೂ ಉಗುಳದ ಜಾಗದಲ್ಲಿ ಹಾಕುವುದಿಲ್ಲ. ನಾನು ಒರೆಸಿದ ಗೋಡೆಗಳಲ್ಲಿ ಆ ಬೋರ್ಡು ಇದ್ದ ಕಡೆಯೇ ಉಗುಳು ಹೆಚ್ಚು. ನಿಂತು ಕೇಳಿ ಎಂದು ಆ ಮನುಷ್ಯ ಬರೆದಿದ್ದಾನೆಂದರೆ ಆ ಕಾಲದಲ್ಲೂ ಯಾರೂ ನಿಲ್ಲುತ್ತಿರಲಿಲ್ಲ ಎಂದೇ ಅರ್ಥ. ಬಡವರ ಬಟ್ಟಲಿಗೆ ಕೈ ಹಾಕಬೇಡಿ, ಕೂಲಿಯವರ ಬೆನ್ನು ಮುರಿಯಬೇಡಿ ಎಂದು ಮೇಷ್ಟ್ರು ಓದುತ್ತ ಹೋದರು. ಆ ದೊರೆಗಳು ಮಾಡುತ್ತಿದ್ದುದರ ಪಟ್ಟಿಯೇ ಸಿಕ್ಕಂತಾಯಿತು. ಚೆನ್ನಾಗಿರುವ ಪುಸ್ತಕ ಅದು. ಮುಖಕ್ಕೆ ಹೊಡೆದಂತೆ ಬರೆದಿದ್ದಾನೆ. ಓದುವವರು ಮಾತ್ರ ತಪ್ಪು ಜನ.

ಉಪನ್ಯಾಸ ಮುಗಿಯಿತು. ನಾವು ಎದ್ದು ಜಾರಿಕೊಳ್ಳಬೇಕಿತ್ತು. ಅಕ್ಕನ ಸೊಂಟ ಹಿಡಿದುಕೊಂಡಿತ್ತು, ಏಳಲು ತಡವಾಯಿತು. ಅಷ್ಟರಲ್ಲಿ ಅಧ್ಯಕ್ಷರು ನಡುವಿನ ದಾರಿಯಲ್ಲಿ ಕೈ ಕುಲುಕುತ್ತ ನಮ್ಮ ಸಾಲಿಗೇ ಬಂದರು. ಕೆಲಸದ ಮೇಲಂಗಿ ಬಿಚ್ಚಿದ್ದೆವಲ್ಲ, ಊರಿನ ಹಿರಿಯ ಹೆಂಗಸರು ಅಂದುಕೊಂಡರು. ದಿನಾ ಅವರ ಕಾರಿನಿಂದ ಲಿಫ್ಟಿನವರೆಗೆ ಒರೆಸುವವರು ನಾವು, ಲಿಫ್ಟು ಹತ್ತುವ ಹಾಗಿಲ್ಲ. ಅವರು ಬಂದಾಗ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬ ನಿಯಮವಿದೆ. ಬೆನ್ನು ನೋಡಿದ್ದರು, ಮುಖ ನೋಡಿರಲಿಲ್ಲ.

ಕ್ಯಾಮೆರಾದವನು ಹತ್ತಿರ ಬಂದ. ಅಧ್ಯಕ್ಷರು ನನ್ನ ಕೈ ಹಿಡಿದರು.

"ಊಟ ಆಯ್ತೇನಮ್ಮ?"

ನಮ್ಮ ಕಡೆ ಇದು ನಮಸ್ಕಾರವಿದ್ದಂತೆ. ಕೇಳಿದವನಿಗೆ ಆಯ್ತು ಎನ್ನಬೇಕು. ಮೂರು ದಿನ ಉಪವಾಸವಿದ್ದರೂ ಆಯ್ತು ಎನ್ನಬೇಕು. ಸಾವಿನ ಮನೆಯಲ್ಲೂ ಆಯ್ತು ಎನ್ನುತ್ತೇವೆ. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಪಕ್ಕದಲ್ಲಿ ಅಕ್ಕ ಕುರ್ಚಿಯ ಬೆನ್ನು ಹಿಡಿದು ಬಗ್ಗಿ ನಿಂತಿದ್ದಳು.

"ಇಲ್ಲ," ಎಂದೆ.

ಅಧ್ಯಕ್ಷರು ಅಷ್ಟರಲ್ಲಿ ಮುಂದಿನವರ ಕೈಗೆ ಕೈ ಚಾಚಿದ್ದರು. ನಾನು ಹಿಡಿದ ಕೈ ಬಿಡಲಿಲ್ಲ.

"ನಿಂತ್ಕೊಳ್ಳಿ ಸ್ವಾಮಿ. ಉತ್ತರ ಬರೋವರೆಗೂ ನಿಲ್ಲಬೇಕು ಅಂತ ಈಗ ತಾನೇ ಓದಿದ್ರಲ್ಲ."

ಸುತ್ತಲಿದ್ದವರು ನಕ್ಕರು. ಅಧ್ಯಕ್ಷರೂ ನಕ್ಕರು. "ನೋಡ್ರಪ್ಪ, ಕೇಳಿಸಿಕೊಂಡಿದ್ದು ಇವರೊಬ್ಬರೇ," ಎಂದರು. "ಯಾಕಮ್ಮ ಆಗಿಲ್ಲ?"

"ಜಾಗ ಖಾಲಿ ಇಲ್ಲ. ನಿಮ್ಮ ಅತಿಥಿಗಳು ಒಳಗಿದಾರೆ."

"ಎಲ್ಲಿ ಒಳಗೆ?"

"ಹೆಂಗಸರ ಕಕ್ಕಸಲ್ಲಿ. ಮೂರನೇ ಬಾಗಿಲು. ನಾವು ಉಣ್ಣೋದು ಅಲ್ಲೇ. ಮೇಲಿದ್ದ ಕೋಣೇನ ನಿಮ್ಮ ಪುಸ್ತಕಗಳು ತಗೊಂಡ್ವು."

ನಗು ನಿಂತಿತು. ಕ್ಯಾಮೆರಾದವನು ಕ್ಯಾಮೆರಾ ಇಳಿಸಬೇಕೋ ಎತ್ತಬೇಕೋ ತಿಳಿಯದೆ ಎದೆಯ ಹತ್ತಿರ ಹಿಡಿದುಕೊಂಡ. ಟಾಕ್ ಜನರನ್ನು ತಳ್ಳಿಕೊಂಡು ಬಂದ.

"ಇವರು ನಮ್ಮವರಲ್ಲ ಸರ್, ಕಂಪನಿಯವರು."

ಅಧ್ಯಕ್ಷರು ಅವನನ್ನು ನೋಡಲಿಲ್ಲ. ಪ್ಯೋ ಮೇಷ್ಟ್ರನ್ನು ನೋಡಿದರು. "ಏನ್ರೀ ಮೇಷ್ಟ್ರೇ, ಪುಸ್ತಕದಲ್ಲಿ ನಿಜವಾಗಲೂ ಹೀಗೇ ಇದೆಯೋ?"

ಮೇಷ್ಟ್ರ ಹಣೆಯಲ್ಲಿ ಬೆವರು. "ಇದೆ ಸರ್. ಆದರೆ... ಅದನ್ನ ರೂಪಕ ಅಂತ ತಗೋಬೇಕು."

"ಹಂಗಂದ್ರೇನು ಮೇಷ್ಟ್ರೇ?" ಎಂದು ಕೇಳಿದಳು ಅಕ್ಕ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು.

"ಹೇಳಿರೋದು ಒಂದು, ಅರ್ಥ ಇನ್ನೊಂದು."

"ಓ. ನಾವು ಅದನ್ನ ಸುಳ್ಳು ಅಂತೀವಿ."

ಮೇಷ್ಟ್ರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮುಂದಿನ ತಿಂಗಳು ಪಾಠ ಸಿಗಬೇಕಲ್ಲ ಆ ಮನುಷ್ಯನಿಗೆ. ಅವರಿಗೂ ಹೊಟ್ಟೆಯಿದೆ.

ಅಧ್ಯಕ್ಷರು ಜಾಣರು. ಕ್ಯಾಮೆರಾ ಕಡೆ ತಿರುಗಿ, ನಮ್ಮ ಮೂವರ ಹೆಗಲ ಹಿಂದೆ ಕೈ ಚಾಚಿ, "ಇವತ್ತು ಈ ತಾಯಂದಿರು ನಮ್ಮ ಜೊತೆ ಊಟ ಮಾಡ್ತಾರೆ. ಟಾಕ್, ಮೂರು ತಟ್ಟೆ ಹಾಕಿಸಿ," ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ಸುಟ್ಟ ಮಾಂಸದ ವಾಸನೆ ಪಕ್ಕದ ಹಾಲಿನಿಂದ ಬರುತ್ತಿತ್ತು. ಬಾಯಲ್ಲಿ ನೀರು ಬಂದದ್ದು ಸುಳ್ಳಲ್ಲ.

"ಅನ್ನ ನಮ್ಮ ಹತ್ರ ಇದೆ," ಎಂದಳು ಅಕ್ಕ. "ಕೂರೋ ಜಾಗ ನಿಮ್ಮ ಹತ್ರ ಇದೆ."

ಹೇಳಿ ಹೊರಟಳು. ಹಿಂದೆ ನಾನು, ನನ್ನ ಹಿಂದೆ ಕುಮ್‌ಹ್ವಾ. ಮೆಟ್ಟಿಲ ಕೆಳಗಿನಿಂದ ಚೀಲ ತೆಗೆದುಕೊಂಡು ಮೇಲೆ ಹತ್ತಿದೆವು. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು, ಆದ್ದರಿಂದ ನಮ್ಮ ಬಂಡಾಯ ಬಹಳ ನಿಧಾನವಾಗಿ ನಡೆಯಿತು. ಹಿಂದೆ ಅಧ್ಯಕ್ಷರು, ಟಾಕ್, ಮಾ, ಮೇಷ್ಟ್ರು, ಸೂಟಿನವರು ಎಲ್ಲ ಅದೇ ವೇಗದಲ್ಲಿ ಹತ್ತಬೇಕಾಯಿತು. ಹೆಣದ ಹಿಂದೆ ಬಂದ ಹಾಗೆ ಬಂದರು.

ನಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೆಂಪು ಟೇಪು ಕಟ್ಟಿತ್ತು. ಪಕ್ಕದ ಮೇಜಿನ ಮೇಲೆ ಬಿಳಿ ಕೈಗವಸು, ಬೆಳ್ಳಿಯ ಬಣ್ಣದ ಕತ್ತರಿ. ಅಕ್ಕನಿಗೆ ಬಗ್ಗಿ ನುಸುಳಲು ಬರುವುದಿಲ್ಲ, ದಾಟಲೂ ಬರುವುದಿಲ್ಲ. ಕುಮ್‌ಹ್ವಾ ಊಟದ ಚೀಲಕ್ಕೆ ಕೈ ಹಾಕಿ ಕಿಮ್ಚಿ ಕತ್ತರಿಸುವ ಕತ್ತರಿ ತೆಗೆದು ಟೇಪನ್ನು ಕತ್ತರಿಸಿದಳು. ಕತ್ತರಿಯಲ್ಲಿದ್ದ ಮೆಣಸಿನ ಪುಡಿ ಟೇಪಿಗೆ ಹತ್ತಿತು. ಬಣ್ಣ ಒಂದೇ ಆದ್ದರಿಂದ ಕಾಣಲಿಲ್ಲ.

"ಅಯ್ಯೋ, ಕೆಲಸ ಹೋಯ್ತು," ಎಂದ ಮಾ. ಅವನದೋ ನಮ್ಮದೋ ಹೇಳಲಿಲ್ಲ.

ಶೂ ಬಿಚ್ಚಿ ಒಳಗೆ ಹೋದೆವು. ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಒಳಗೆ ಹಳದಿ ಪುಸ್ತಕಗಳು. ನೆಲ ಬೆಚ್ಚಗಿತ್ತು. ಪಾದಕ್ಕೆ ಅದು ತಾಗಿದಾಗ ನನಗೆ ಅಳು ಬಂತು, ಒರೆಸಿಕೊಂಡೆ. ಬೀರುಗಳ ನಡುವೆ ಕೂತು ಡಬ್ಬಿಗಳನ್ನು ಬಿಚ್ಚಿದೆವು. ಹಿಂದಿನ ದಿನವೇ ಮೂರನೇ ಬಾಗಿಲೂ ಹೋಗಿದ್ದ ಸಿಟ್ಟಿಗೆ ನಾನು ಅಂದು ಬೆಳಿಗ್ಗೆ ಡಬ್ಬಿಗೆ ಮೂಲಂಗಿ ಕಿಮ್ಚಿ ತುಂಬಿಕೊಂಡು ಬಂದಿದ್ದೆ. ಬಾಯಿಗೆ ಹಾಕಿ ಕಚ್ಚಿದೆ. ಹೊಸ್ತಿಲಾಚೆ ನಿಂತವರಿಗೆಲ್ಲ ಕೇಳಿಸಿತು. ಕುಮ್‌ಹ್ವಾ ಬೇಕೆಂದೇ ಬಾಯಿ ತೆರೆದು ಅಗಿದಳು.

"ಪುಸ್ತಕಗಳಿಗೆ ವಾಸನೆ ಅಂಟುತ್ತೆ," ಎಂದ ಟಾಕ್ ಹೊರಗಿನಿಂದ. "ನಾನೂರು ವರ್ಷದ ಕಾಗದ ಅದು."

"ಗಾಜು ಹಾಕಿದೀರಲ್ಲ," ಎಂದೆ. "ನಮಗೆ ಅದೂ ಇಲ್ಲ."

"ಶ್ರೀಮತಿಯವರೇ, ಇದು ಅತಿಕ್ರಮ ಪ್ರವೇಶ. ಕಂಪನಿ ನಾಳೆಯಿಂದ ನಿಮ್ಮನ್ನ ಕಳಿಸಲ್ಲ. ಅಲ್ವೇನ್ರೀ ಮಾ ಮೇಸ್ತ್ರಿ?"

ಮಾ ಕೇಳಿಸದವನಂತೆ ಚಾವಣಿ ನೋಡಿದ. ಜೀವಮಾನದಲ್ಲಿ ಅವನು ನಮಗೆ ಮಾಡಿದ ಉಪಕಾರ ಅದೊಂದೇ.

ಅಕ್ಕ ಹೆಚ್ಚು ಉಣ್ಣಲಿಲ್ಲ. ಡಬ್ಬಿ ಮುಚ್ಚಿ ಬದಿಗಿಟ್ಟು, ಒಂದು ಕೈ ನೆಲಕ್ಕೆ ಊರಿ, ಮೊದಲು ಮಗ್ಗುಲಾಗಿ, ಆಮೇಲೆ ಅಂಗಾತ ಮಲಗಿದಳು. ಸೊಂಟ ನೆಲಕ್ಕೆ ತಾಗುವಾಗ ಬಾಯಿಂದ ಒಂದು ನರಳಿಕೆ ಹೊರಟಿತು. ಬಾಗಿಲಲ್ಲಿದ್ದವರು ಯಾಕೋ ಬೇರೆ ಕಡೆ ನೋಡಿದರು. ಕಣ್ಣು ಮುಚ್ಚಿದಳು. ಹೊರಗೆ ಟಾಕ್ ಏನೇನೋ ಹೇಳುತ್ತಿದ್ದ: ಪೊಲೀಸು, ಕಾನೂನು, ಸಂಸ್ಥೆಯ ಗೌರವ. ಗೌರವ ಎನ್ನುವಷ್ಟರಲ್ಲಿ ಅಕ್ಕ ಗೊರಕೆ ಹೊಡೆದಳು.

ಟ್ರಾಕ್ಟರಿನಂಥ ಗೊರಕೆ ಅವಳದು. ಕ್ಯಾಮೆರಾದವನು ನಕ್ಕುಬಿಟ್ಟ.

"ಎಬ್ಬಿಸಿ ಅವರನ್ನ," ಎಂದರು ಅಧ್ಯಕ್ಷರು. ನಗು ಹೋಗಿತ್ತು, ಆದರೆ ದನಿ ತಾನಾಗಿ ತಗ್ಗಿತ್ತು, ಮಲಗಿದವರ ಮನೆಗೆ ಬಂದ ನೆಂಟರ ಹಾಗೆ.

"ನಾನು ಎಬ್ಬಿಸಲ್ಲ," ಎಂದೆ. "ಕತ್ತಲಲ್ಲಿ ಎದ್ದು ಬಂದವಳು. ಬೇಕಿದ್ರೆ ನೀವೇ ಎಬ್ಬಿಸಿ."

ಟಾಕ್ ಮುಂದೆ ಬಂದ. ಒಂದು ಕಾಲು ಹೊಸ್ತಿಲ ಮೇಲೆ ಎತ್ತಿದ. ಮಿರಿಮಿರಿ ಹೊಳೆಯುವ ಶೂ. ಕಾಲು ಗಾಳಿಯಲ್ಲೇ ನಿಂತಿತು. ಬಿಸಿ ನೆಲದ ಕೋಣೆಗೆ ಶೂ ಹಾಕಿಕೊಂಡು ಹೋಗುವಷ್ಟು ಕೆಟ್ಟ ಮನುಷ್ಯ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ, ಅದೂ ಕ್ಯಾಮೆರಾದ ಮುಂದೆ. ಅವನು ಬಗ್ಗಿ ಲೇಸಿಗೆ ಕೈ ಹಾಕಿದ. ಆಮೇಲೆ ಏನೋ ನೆನಪಾದವನಂತೆ ಕೈ ತೆಗೆದ. ಕಾಲುಚೀಲ ಹರಿದಿರಬೇಕು. ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ತಮ್ಮ ಶೂ ಕಡೆ ನೋಡಿಕೊಂಡರು. ಅವರ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಕೆಳಗೆ ನೋಡಿದರು.

"ಬಿಚ್ಚಿ ಬನ್ನಿ," ಎಂದೆ. "ನೆಲ ನಾನೇ ಒರೆಸಿರೋದು. ಚೊಕ್ಕಟವಾಗಿದೆ."

ಯಾರೂ ಬಿಚ್ಚಲಿಲ್ಲ. ಅಕ್ಕ ನಿದ್ದೆಯಲ್ಲೇ ಮಗ್ಗುಲು ತಿರುಗಿ ಅವರ ಕಡೆಗೆ ಕಾಲು ಚಾಚಿದಳು.